ಚೈನ್ ಟ್ರ್ಯಾಕ್ಟರಿಗೆ ಇಪ್ಪತ್ತೆಂಟು ನಕ್ಷತ್ರ

ಮೂವತ್ತೊಂದು ವರ್ಷ ಮಕ್ಕಳಿಗೆ ಸಂಸ್ಕೃತ ವ್ಯಾಕರಣ ಕಲಿಸಿದವನಿಗೆ ಒಂದು ಡೀಸೆಲ್ ಎಂಜಿನ್ ಅರ್ಥವಾಗದೆ ಇದ್ದೀತೇ? ಇದು ನನ್ನ ಪ್ರಶ್ನೆಯಾಗಿತ್ತು. ಉತ್ತರ ಈಗ ಶಕ್ತಿನಗರದ ನಮ್ಮ ಇಡೀ ಓಣಿಗೆ ಗೊತ್ತಿದೆ.

ನಾನು ಬಲ್ಮಠದ ಒಂದು ಕಾಲೇಜಿನಿಂದ ನಿವೃತ್ತನಾದ ಸಂಸ್ಕೃತ ಮೇಷ್ಟ್ರು. ತಂದೆ ದೇವಸ್ಥಾನದ ಅರ್ಚಕರು, ಅಜ್ಜನೂ ಅರ್ಚಕರು. ನಮ್ಮ ಮನೆಯಲ್ಲಿ ಲೋಹದ ವಸ್ತು ಎಂದರೆ ಗಂಟೆ, ಆರತಿ ತಟ್ಟೆ ಮತ್ತು ಉದ್ಧರಣೆ. ಸ್ಪ್ಯಾನರ್ ಎಂಬ ಪದಾರ್ಥವನ್ನು ನಾನು ಮೊದಲ ಬಾರಿ ಮುಟ್ಟಿದ್ದು ಅರವತ್ತೊಂದನೆಯ ವಯಸ್ಸಿನಲ್ಲಿ.

ಆ ದಿನ ಹೊರಟದ್ದು ಹಂಚು ತರಲಿಕ್ಕೆ. ಹಿತ್ತಿಲಿನ ಶೆಡ್ಡಿನ ಮಾಡು ಸೋರುತ್ತಿತ್ತು. ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯಲ್ಲಿ ಹಳೆಯ ಸಾಮಾನು ಮಾರುತ್ತಾರೆಂದು ಕೇಳಿ, ಐವತ್ತು ಹಂಚು ತರುತ್ತೇನೆ ಎಂದು ಹೆಂಡತಿ ಸುಮತಿಗೆ ಹೇಳಿ ಹೋದೆ. ಅಲ್ಲಿ ಹಂಚಿನ ರಾಶಿಯ ಹಿಂದೆ ಅದು ನಿಂತಿತ್ತು. ಹಳದಿ ಬಣ್ಣ ಮುಕ್ಕಾಲು ಹೋಗಿ ತುಕ್ಕು ಹಿಡಿದಿತ್ತು. ಸ್ಟಿಯರಿಂಗ್ ಇಲ್ಲ, ಅದರ ಬದಲು ಎರಡು ಉದ್ದನೆಯ ಲಿವರು. ಚಕ್ರ ಇಲ್ಲ, ಅದರ ಬದಲು ಯುದ್ಧದ ಟ್ಯಾಂಕಿಗೆ ಇರುವಂತೆ ಎರಡು ಕಬ್ಬಿಣದ ಚೈನು. ಸೀಟಿನ ಮೇಲೆ ಒಂದು ನಾಯಿ ಮೂರು ಮರಿ ಹಾಕಿ ಮಲಗಿತ್ತು. ಹಂಚಿನ ಆವೆಮಣ್ಣು ತೆಗೆಯುವಲ್ಲಿ ದಶಕಗಳ ಕಾಲ ದುಡಿದ ಚೈನ್ ಟ್ರ್ಯಾಕ್ಟರ್ ಅದು. ನಾಳೆ ಗುಜರಿಯವರು ಬಂದು ತುಂಡು ಮಾಡುತ್ತಾರೆ ಎಂದು ವಾಚ್‌ಮನ್ ಹೇಳಿದಾಗ ಅಲ್ಲೇ ಗುಜರಿಯ ಬೆಲೆ ಕೊಟ್ಟು ಅದನ್ನು ಕೊಂಡುಬಿಟ್ಟೆ. ನಾನೂ ಆಗಷ್ಟೇ ನಿವೃತ್ತನಾಗಿದ್ದೆ ನೋಡಿ!

ಅಂದು ಸಂಜೆಯೇ ನಾಯಿಸಂಸಾರವನ್ನು ವಾಚ್‌ಮನ್‌ನ ಕೋಣೆಗೆ ಸ್ಥಳಾಂತರಿಸಿ, ಲಾರಿಯ ಮೇಲೆ ಟ್ರ್ಯಾಕ್ಟರನ್ನು ಹೇರಿಕೊಂಡು ಮೆರವಣಿಗೆಯಲ್ಲಿ ಬಂದೆ. ಸುಮತಿ ಗೇಟಿನಲ್ಲಿ ನಿಂತಿದ್ದಳು.

"ಇದು ಎಂತದು?"

"ಟ್ರ್ಯಾಕ್ಟರ್."

"ಹಂಚು?"

"ಮರೆತುಹೋಯ್ತು."

"ನಮ್ಗೆ ಗದ್ದೆ ಎಲ್ಲುಂಟು?"

"ಇಲ್ಲ. ಇದು ಹವ್ಯಾಸ ಸುಮತಿ. ಬಿಚ್ಚಿ, ತೊಳೆದು, ಪುನಃ ಕಟ್ಟಿ ಓಡಿಸುದು."

"ಬೇರೆಯವರ ಗಂಡಂದಿರು ರಿಟಾಯರ್ ಆದ್ಮೇಲೆ ವಾಕಿಂಗ್ ಹೋಗ್ತಾರೆ ಮಾರಾಯ್ರೆ!"

ಹಾಗೆ ಹೇಳಿದವಳೇ ಒಳಗೆ ಹೋಗಿ ಹಳೆಯ ಸೀರೆಯ ತುಂಡು ತಂದು ಟ್ರ್ಯಾಕ್ಟರಿನ ಸೀಟು ಒರೆಸತೊಡಗಿದಳು. ನಮ್ಮ ಮನೆಯಲ್ಲಿ ಒಪ್ಪಿಗೆ ಕೊಡುವ ಕ್ರಮ ಇದು. ಷರತ್ತು ಒಂದೇ. ಅಂಗಳದ ಎಡಕ್ಕಿರುವ ಅವಳ ಮಲ್ಲಿಗೆ ಗಿಡಗಳಿಗೆ ಏನೂ ತಾಗಬಾರದು.

ಬಿಚ್ಚುವ ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ಬಿಚ್ಚಿದ್ದನ್ನೆಲ್ಲ ಗುರುತು ಹಾಕಿ ಇಡಬೇಕು ಎಂದು ಮೊಬೈಲಿನ ವಿಡಿಯೊಗಳಲ್ಲಿ ಹೇಳುತ್ತಿದ್ದರು. ಅವರೆಲ್ಲ ಒಂದು, ಎರಡು ಎಂದು ಅಂಕಿ ಬರೆಯುತ್ತಾರೆ. ಅಂಕಿ ನನಗೆ ಮರೆತುಹೋಗುತ್ತದೆ. ನಕ್ಷತ್ರಗಳ ಹೆಸರಾದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತೇನೆ. ಆದ್ದರಿಂದ ಮನೆಯ ಬಿಸ್ಕಿಟ್ ಡಬ್ಬಿಗಳನ್ನೆಲ್ಲ ಒಟ್ಟುಮಾಡಿ, ಅಶ್ವಿನಿಯಲ್ಲಿ ರೇಡಿಯೇಟರಿನ ನಟ್ಟು, ಭರಣಿಯಲ್ಲಿ ಫ್ಯಾನಿನದು, ಪುಷ್ಯದಲ್ಲಿ ಡೀಸೆಲ್ ಪಂಪಿನದು ಎಂದು ಚೀಟಿ ಅಂಟಿಸುತ್ತ ಹೋದೆ. ಒಂದು ನಕ್ಷತ್ರಕ್ಕೆ ನಾಲ್ಕು ಪಾದ ಇರುವುದರಿಂದ ಒಂದು ಡಬ್ಬಿಯಲ್ಲಿ ನಾಲ್ಕು ಪೊಟ್ಟಣ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಜಗತ್ತಿನ ಯಾವ ವರ್ಕ್‌ಶಾಪಿನಲ್ಲೂ ಇರಲಿಕ್ಕಿಲ್ಲ! ಇಪ್ಪತ್ತೇಳು ಡಬ್ಬಿ ತುಂಬಿದ ಮೇಲೂ ಒಂದಿಷ್ಟು ಚಿಲ್ಲರೆ ಸಾಮಾನು ಉಳಿಯಿತು. ತೊಂದರೆಯೇನೂ ಇಲ್ಲ. ಪಂಚಾಂಗದಲ್ಲಿ ಇಪ್ಪತ್ತೇಳೇ ನಕ್ಷತ್ರಗಳಾದರೂ ಹಳೆಯ ಶಾಸ್ತ್ರದಲ್ಲಿ ಅಭಿಜಿತ್ ಎಂಬ ಇಪ್ಪತ್ತೆಂಟನೆಯದು ಇದೆಯಲ್ಲ. ಒಂದು ಚಹಾ ಪುಡಿಯ ಡಬ್ಬಿಗೆ ಆ ಹೆಸರು ಬರೆದೆ.

"ನೆಂಟರು ಬಂದ್ರು ಅಂತ ಬಿಸ್ಕಿಟ್ ಡಬ್ಬಿ ತೆಗ್ದೆ," ಎಂದು ಸುಮತಿ ಒಂದು ದಿನ ದೂರಿದಳು. "ಒಳಗೆ ವಿಶಾಖ!"

ಬಿಚ್ಚುವುದೇನೋ ಮುಗಿಯಿತು. ಕಟ್ಟುವುದು ಹೇಗೆ? ಅಲ್ಲಿ ವ್ಯಾಕರಣ ಕೈಕೊಟ್ಟಿತು. ಕಾರ್ಖಾನೆಯ ವಾಚ್‌ಮನ್‌ನನ್ನೇ ಪುನಃ ಹಿಡಿದೆ. ಈ ಟ್ರ್ಯಾಕ್ಟರನ್ನು ಕೊನೆಯವರೆಗೆ ಓಡಿಸಿದವರು ಬೆಂಗ್ರೆಯ ಮೋನಪ್ಪಣ್ಣ ಎಂದು ಅವನು ಫೋನ್ ನಂಬರ್ ಕೊಟ್ಟ. ಫೋನ್ ತೆಗೆದದ್ದು ಅವರ ಮಗಳು. "ಅಪ್ಪನಿಗೆ ಕಿವಿ ಕೇಳುದಿಲ್ಲ, ನಾನು ಹೇಳ್ತೇನೆ," ಎಂದಳು.

ಆ ಆದಿತ್ಯವಾರವೇ ಮೋನಪ್ಪಣ್ಣ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ, ಎರಡು ಬಸ್ಸು ಹತ್ತಿ ಬಂದರು. ಎಪ್ಪತ್ತೆಂಟು ವರ್ಷದ ಸಣಕಲು ದೇಹ, ಕೈಯಲ್ಲಿ ಒಂದು ಬಟ್ಟೆಯ ಚೀಲ. ನನ್ನನ್ನು ನೋಡಲೇ ಇಲ್ಲ. ನೇರ ಹೋಗಿ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ನಿಂತರು.

"ಗುಜರಿಗೆ ಹೋದ ಅಂತ ಎಣಿಸಿದ್ದೆ ಇವ," ಎಂದರು. ಆಮೇಲೆ ನನ್ನತ್ತ ತಿರುಗಿದರು. "ನನ್ನ ಎಡದ ಕಿವಿ ಇವನೇ ತಿಂದದ್ದು ಭಟ್ರೆ. ಅಷ್ಟು ವರ್ಷದ ಶಬ್ದ ಅಲ್ವಾ? ಬಲದ್ದರಲ್ಲಿ ಸ್ವಲ್ಪ ಉಂಟು. ಅದೂ ಜಾಸ್ತಿ ದಿನ ಇಲ್ಲಾಂತ ಡಾಕ್ಟ್ರು ಹೇಳ್ತಾರೆ. ಅಷ್ಟರೊಳಗೆ ಒಮ್ಮೆ ಇವನ ಸ್ವರ ಕೇಳ್ಬೇಕು. ಒಮ್ಮೆ ಸಾಕು."

"ಕೇಳಿಸ್ತೇನೆ!" ಎಂದೆ.

"ಎಂತ?"

"ಕೇಳಿಸ್ತೇನೆ!" ಎಂದು ಕಿರುಚಿದೆ.

"ಆದ್ರೆ ನಾನು ಇಲ್ಲದಾಗ ಸ್ಟಾರ್ಟ್ ಮಾಡ್ಬೇಡಿ, ಆಯ್ತಾ?" ಎಂದು ಕೈ ಚಾಚಿದರು. ನಾನು ಅವರ ಕೈಯ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಅಂದಿನಿಂದ ಆರು ತಿಂಗಳು ಪ್ರತಿ ಆದಿತ್ಯವಾರ ಅವರು ಬಂದರು. ಮೊದಲ ದಿನ, "ಪಂಪಿನ ನಟ್ಟು ಎಲ್ಲುಂಟು?" ಎಂದು ಕೇಳಿದಾಗ ನಾನು ಪಟ್ಟಿ ನೋಡಿ, "ಪುಷ್ಯ, ಮೂರನೇ ಪಾದ!" ಎಂದು ಕೂಗಿದೆ. ಅವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಎರಡು ತಿಂಗಳಾಗುವಾಗ ಅವರೇ, "ಚಿತ್ತಾ ಕೊಡಿ, ಸ್ವಾತಿ ಈಗ ಬೇಡ," ಎನ್ನುವಷ್ಟು ಪಳಗಿದ್ದರು. ಮಧ್ಯಾಹ್ನ ಸುಮತಿ ಬಡಿಸುತ್ತಿದ್ದ ಊಟ ಮುಗಿಸಿ, ಜಗಲಿಯಲ್ಲಿ ಅರ್ಧ ಗಂಟೆ ಮಲಗಿ, ಮತ್ತೆ ಎಂಜಿನಿನ ಒಳಗೆ ಕೈ ಹಾಕುತ್ತಿದ್ದರು. ವಾರದ ಉಳಿದ ಆರು ದಿನ ನಾನು ಅವರು ಹೇಳಿಹೋದ ಕೆಲಸ ತಪ್ಪು ಮಾಡುವುದು, ಏಳನೆಯ ದಿನ ಅವರು ಸರಿ ಮಾಡುವುದು. ನಿವೃತ್ತನಾದ ಮೇಲೆ ನಾನು ಯಾರಿಗಾದರೂ ಕಾದು ಕುಳಿತದ್ದಿದ್ದರೆ ಅದು ಅವರಿಗೆ ಮಾತ್ರ.

ಹೀಗಿರುವಾಗ ಒಂದು ಬುಧವಾರ ಕಟ್ಟುವ ಕೆಲಸ ಮುಗಿಯಿತು. ರೇವತಿಯ ಕೊನೆಯ ನಟ್ಟನ್ನು ತಿರುಗಿಸಿ ನಾನು ಪಟ್ಟಿಯ ಕೆಳಗೆ 'ಶುಭಂ' ಎಂದು ಬರೆದೆ. ಬ್ಯಾಟರಿ ಬಂದಿತ್ತು, ಡೀಸೆಲ್ ತುಂಬಿತ್ತು. ಆದಿತ್ಯವಾರಕ್ಕೆ ಇನ್ನೂ ನಾಲ್ಕು ದಿನ! ಅವರು ಬಂದಾಗ ಸ್ಟಾರ್ಟ್ ಆಗದೆ ಹೋದರೆ ಪಾಪ, ಮುದುಕರಿಗೆ ಎಷ್ಟು ಬೇಸರವಾದೀತು? ಮುಂಚಿತವಾಗಿ ಒಮ್ಮೆ ಪರೀಕ್ಷಿಸಿ ನೋಡುವುದು ನನ್ನ ಕರ್ತವ್ಯವಲ್ಲವೇ? ಕಳ್ಳನಿಗೊಂದು ಪಿಳ್ಳೆ ನೆವ.

ಗುರುವಾರ ಬೆಳಿಗ್ಗೆ ವಾಹನಪೂಜೆಗೆ ಕುಳಿತೆ. ಚಕ್ರಗಳ ಅಡಿಗೆ ಲಿಂಬೆಹಣ್ಣು ಇಡುವ ಹೊತ್ತಿಗೆ ಶಾಸ್ತ್ರಸಂಕಟ ಎದುರಾಯಿತು.

"ಚಕ್ರವೇ ಇಲ್ಲದ ಗಾಡಿಗೆ ಲಿಂಬೆ ಎಲ್ಲಿ ಇಡುದು?" ಎಂದು ಸುಮತಿ ಕೇಳಿದಳು. "ಮತ್ತೆ ಮೋನಪ್ಪಣ್ಣ ಇಲ್ಲದೆ ಎಂತಕ್ಕೆ ಪೂಜೆ? ನೀವು ಮಾತು ಕೊಟ್ಟಿದ್ದೀರಲ್ಲ?"

ಮೊದಲ ಪ್ರಶ್ನೆಗೆ, ಚೈನಿಗೊಂದರಂತೆ ಎರಡು ಸಾಕು ಎಂದು ಉತ್ತರಿಸಿದೆ. ಎರಡನೆಯದು ನನಗೆ ಕೇಳಿಸಲಿಲ್ಲ. ಮೋನಪ್ಪಣ್ಣನಿಗಿಂತ ದೊಡ್ಡ ಕಿವುಡ ಆ ದಿನ ನಾನೇ!

ಸ್ವಿಚ್ ಒತ್ತಿದೆ. ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಗುಡುಗಿತು! ಕಪ್ಪು ಹೊಗೆ ಮೇಲೆದ್ದು ತೆಂಗಿನ ಮರದ ಕಾಗೆಗಳೆಲ್ಲ ಊರು ಬಿಟ್ಟವು. ಗೇರು ಹಾಕಿದೆ. ಲಿಂಬೆಹಣ್ಣುಗಳು ಚಪ್ಪಟೆಯಾದವು. ಅಂಗಳದಲ್ಲಿ ಆ ಬೃಹತ್ ಯಂತ್ರ ನನ್ನ ಆಜ್ಞೆಯಂತೆ ತೆವಳತೊಡಗಿತು. ಆ ಹತ್ತು ಸೆಕೆಂಡು ನಾನು ಚಕ್ರವರ್ತಿ!

ಹನ್ನೊಂದನೆಯ ಸೆಕೆಂಡಿಗೆ ಎದುರು ಕಾಂಪೌಂಡ್ ಗೋಡೆ ಬಂತು. ಬಲಕ್ಕೆ ತಿರುಗಲು ಬಲಗೈಯ ಲಿವರ್ ಎಳೆದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಎಳೆದೆ. ಲಿವರ್ ನನ್ನ ಮಡಿಲಿಗೆ ಬಂತೇ ಹೊರತು ಟ್ರ್ಯಾಕ್ಟರ್ ಬಲಕ್ಕೆ ಬರಲಿಲ್ಲ. ಎಡದ ಲಿವರ್ ಎಳೆದರೆ ತಿರುಗುತ್ತಿತ್ತು, ಆದರೆ ಎಡಕ್ಕೆ ಸುಮತಿಯ ಮಲ್ಲಿಗೆ. ಹೆಂಡತಿಯ ಹೂವಿಗಾಗಿ ನಾನು ಗೋಡೆಯನ್ನು ಆರಿಸಿಕೊಂಡೆ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇದು ಸುಮತಿಗೆ ಗೊತ್ತು. ಆದರೂ ಯಾರಾದರೂ ಕೇಳಿದರೆ, "ಹೌದು, ನನ್ನ ಮಲ್ಲಿಗೆಗಾಗಿ," ಎನ್ನುತ್ತಾಳೆ.

ಕೆಂಪುಕಲ್ಲಿನ ಗೋಡೆ ಹಪ್ಪಳದಂತೆ ಬಿತ್ತು. ಟ್ರ್ಯಾಕ್ಟರ್ ಅರ್ಧ ನಮ್ಮಲ್ಲಿ, ಅರ್ಧ ನೆರೆಮನೆಯ ಲಿಲ್ಲಿಬಾಯಿಯ ಅಂಗಳದಲ್ಲಿ ನಿಂತು ಬಂದ್ ಬಿದ್ದಿತು. ಬಟ್ಟೆ ಒಣಗಿಸುತ್ತಿದ್ದ ಅವರು ಕ್ಲಿಪ್ಪನ್ನು ಬಾಯಿಯಿಂದ ತೆಗೆದರು.

"ಗೇಟಿನಿಂದ ಬರ್ಬಹುದಿತ್ತಲ್ಲ ಭಟ್ರೆ?"

ಆಮೇಲೆ ಎಷ್ಟು ಸಲ ಸ್ವಿಚ್ ಒತ್ತಿದರೂ ಎಂಜಿನ್ ಉಸಿರೆತ್ತಲಿಲ್ಲ. ಗುರುವಾರ ಹೋಯಿತು, ಶುಕ್ರವಾರ ಹೋಯಿತು, ಶನಿವಾರವೂ ಹೋಯಿತು. ಗೋಡೆಯ ಚಿಂತೆ ನನಗೆ ಇರಲಿಲ್ಲ. ಮೋನಪ್ಪಣ್ಣ ಆರು ತಿಂಗಳು ಹೊಳೆ ದಾಟಿ ಬಂದದ್ದು ಯಾವ ಸ್ವರಕ್ಕಾಗಿಯೋ ಆ ಸ್ವರವನ್ನು ನಾನೊಬ್ಬನೇ ಕೇಳಿ ಮುಗಿಸಿಬಿಟ್ಟೆನೇ ಎಂಬುದೇ ಚಿಂತೆ. ಆದಿತ್ಯವಾರ ಅವರು ಬಂದ ಕೂಡಲೇ ತಪ್ಪೊಪ್ಪಿಕೊಳ್ಳುವುದೆಂದು ತೀರ್ಮಾನಿಸಿದೆ.

ಪಾಪನಿವೇದನೆಯನ್ನು ತಗ್ಗಿದ ದನಿಯಲ್ಲಿ ಮಾಡುವುದು ಲೋಕರೂಢಿ. ಕಿವಿ ಕೇಳದವರ ಮುಂದೆ ಅದು ಸಾಧ್ಯವೇ?

"ಮೋನಪ್ಪಣ್ಣ, ನಾನು ಸ್ಟಾರ್ಟ್ ಮಾಡಿದೆ!"

"ಹಾರ್ಟಾ? ಹಾರ್ಟಿಗೆ ಎಂತ ಆಯ್ತು ನಿಮ್ಗೆ?"

"ಹಾರ್ಟ್ ಅಲ್ಲ, ಸ್ಟಾರ್ಟ್! ನಿಮ್ಮನ್ನು ಬಿಟ್ಟು!"

"ಯಾರು ಬಿಟ್ಟು ಹೋದದ್ದು?"

"ಮಾತು ತಪ್ಪಿದೆ! ನಾನು ಮಾತು ತಪ್ಪಿದೆ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಓಣಿಯ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದವು. ಗೋಡೆ ಇದ್ದ ಜಾಗದಲ್ಲಿ ಲಿಲ್ಲಿಬಾಯಿ ಕುರ್ಚಿ ಹಾಕಿ ಕುಳಿತಿದ್ದರು.

ಮೋನಪ್ಪಣ್ಣ ಬಿದ್ದ ಗೋಡೆಯತ್ತ ಬೆರಳು ತೋರಿಸಿದರು. "ಗೇಟಿನಲ್ಲೇ ಗೊತ್ತಾಗಿತ್ತು ನಂಗೆ. ಎಷ್ಟು ಬೊಬ್ಬೆ ಹಾಕ್ತೀರಿ ನೋಡುವ ಅಂತ ಸುಮ್ಮನಿದ್ದೆ."

ಅವರು ನಗಲಿಲ್ಲ. ಮೆಲ್ಲ ಕೇಳಿದರು. "ಸ್ವರ ಹೇಗೆ ಉಂಟು?"

ಬೈದಿದ್ದರೆ ಎಷ್ಟೋ ಹಿತವಾಗುತ್ತಿತ್ತು. ಅವರ ಮುಖದ ಎದುರು ಬಾಯಿ ಅಗಲಿಸಿ, "ಡಬ ಡಬ ಡಬ ಡಬ!" ಎಂದು ಕೂಗಿದೆ. ಒಬ್ಬ ನಿವೃತ್ತ ಸಂಸ್ಕೃತ ಉಪನ್ಯಾಸಕ, ಹಾಡುಹಗಲು, ಇಡೀ ಓಣಿಯ ಸಮಕ್ಷಮದಲ್ಲಿ!

ಅವರು ತಲೆಯಾಡಿಸಿದರು. "ಹಾಗೆ ಅಲ್ಲ ಇವನದ್ದು."

ಪಂಚೆ ಮೇಲೆ ಕಟ್ಟಿ ಟ್ರ್ಯಾಕ್ಟರಿನ ಅಡಿಗೆ ಹೋದರು. ಎರಡೇ ನಿಮಿಷದಲ್ಲಿ ಅಲ್ಲಿಂದ ಪ್ರಶ್ನೆ ಬಂತು. "ಬಲದ ಲಿವರಿನ ಪಿನ್ನು ಎಲ್ಲಿ?"

ಪಟ್ಟಿ ತೆಗೆದೆ. ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳನ್ನೂ ಓದಿದೆ. ಎಲ್ಲದಕ್ಕೂ ಟಿಕ್ ಹಾಕಿತ್ತು. ಸುಮತಿ ಅಡುಗೆಮನೆಯಿಂದ ಒಂದು ಚಹಾ ಪುಡಿಯ ಡಬ್ಬಿ ತಂದು ನನ್ನ ಕೈಯಲ್ಲಿಟ್ಟಳು. ಅಭಿಜಿತ್! ಜನ್ಮದ ಅಭ್ಯಾಸದಂತೆ ಇಪ್ಪತ್ತೇಳಕ್ಕೆ ಪಟ್ಟಿ ಮುಗಿಸಿದ್ದೆ. ಪಂಚಾಂಗದಲ್ಲಿ ಇಲ್ಲದ್ದು ಟ್ರ್ಯಾಕ್ಟರಿನಲ್ಲೂ ಇರಲಿಲ್ಲ. ಒಳಗೆ ಚಿಲ್ಲರೆ ಸಾಮಾನಿನ ನಡುವೆ ಬೆರಳುದ್ದದ ಒಂದು ಪಿನ್ನು ತಣ್ಣಗೆ ಮಲಗಿತ್ತು.

ಮೋನಪ್ಪಣ್ಣ ಅದನ್ನು ಕೂರಿಸಿದರು. ಗುದ್ದಿದ ಪೆಟ್ಟಿಗೆ ಡೀಸೆಲ್ ಪೈಪು ಸಡಿಲವಾಗಿ ಒಳಗೆ ಗಾಳಿ ಸೇರಿಕೊಂಡಿತ್ತು. ಪೈಪು ಬಿಗಿ ಮಾಡಿ, ಕೈಪಂಪು ಒತ್ತಿ ಒತ್ತಿ ಗಾಳಿ ಹೊರಗೆ ಬಿಟ್ಟರು. ಎಂಜಿನಿನ ಪಕ್ಕದಲ್ಲಿ ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡು, ನನಗೆ ಸನ್ನೆ ಮಾಡಿದರು.

ಒತ್ತಿದೆ. ಗುಡುಗಿತು! ಸುಮತಿ ಚಪ್ಪಾಳೆ ತಟ್ಟಿದಳು, ಲಿಲ್ಲಿಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. ಮೋನಪ್ಪಣ್ಣನ ಮುಖ ಮಾತ್ರ ಹಾಗೆಯೇ ಇತ್ತು. ಬಲಕಿವಿಯನ್ನು ಎಂಜಿನಿಗೆ ಹತ್ತಿರ ಹಿಡಿದರು, ಇನ್ನೂ ಹತ್ತಿರ ಹಿಡಿದರು. ಆಮೇಲೆ ನನ್ನತ್ತ ನೋಡಿ ಇಲ್ಲ ಎಂಬಂತೆ ಕೈ ತಿರುಗಿಸಿದರು. ಈ ಆರು ತಿಂಗಳಲ್ಲಿ ಆ ಕಿವಿಯೂ ಹೋಗಿತ್ತು. ಇತ್ತೀಚೆಗೆ ಅವರು ನಮ್ಮ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರೆಂದು ಆಗ ತಿಳಿಯಿತು.

ನಾನು ಸೀಟಿನಿಂದ ಇಳಿದೆ. ಅವರು ಚೀಲಕ್ಕೆ ಕೈ ಹಾಕಿ ಮರದ ಹಿಡಿಯ ಒಂದು ಉದ್ದದ ಸ್ಕ್ರೂಡ್ರೈವರ್ ತೆಗೆದರು. ಬಾಯಿಗೆ ಬೆರಳು ಹಾಕಿ ಮೇಲಿನ ಕಟ್ಟುಹಲ್ಲು, ಕೆಳಗಿನ ಕಟ್ಟುಹಲ್ಲು ಎರಡನ್ನೂ ಕಳಚಿ ನನ್ನ ಅಂಗೈಯಲ್ಲಿ ಇಟ್ಟರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಒತ್ತಿ, ಮರದ ಹಿಡಿಯನ್ನು ಬೋಳು ವಸಡುಗಳ ನಡುವೆ ಬಿಗಿಯಾಗಿ ಕಚ್ಚಿ, ಕಣ್ಣು ಮುಚ್ಚಿದರು. ಹಳೆಯ ಆಪರೇಟರುಗಳು ಎಂಜಿನಿನ ಒಳಗಿನ ಶಬ್ದ ಕೇಳುವ ಕ್ರಮ ಅದಂತೆ. ಸ್ವರ ಕಿವಿಯ ಹಂಗಿಲ್ಲದೆ ದವಡೆಯ ಎಲುಬಿನಿಂದಲೇ ಒಳಗೆ ಹೋಗುತ್ತದಂತೆ.

ಅವರ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು. ನನ್ನ ಕಣ್ಣಿಂದಲೂ ಇಳಿಯಿತು. ಎಂಜಲು, ಮಡಿ ಎಂದು ಬೆಳೆದ ಮನೆತನದವನು ನಾನು. ಆ ಹಲ್ಲುಗಳನ್ನು ಪ್ರಸಾದದಂತೆ ಹಿಡಿದು ನಿಂತಿದ್ದೆ.

ಬಹಳ ಹೊತ್ತಿನ ಮೇಲೆ ಅವರು ಹಿಡಿಯನ್ನು ಬಾಯಿಂದ ತೆಗೆದು, ನನ್ನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. "ಊವನೇ ಹಿಯಿಂಡರ್... ಕೆಯಹ... ಊನಹ ಬಿಚ್ಚಿ..." ಹಲ್ಲಿಲ್ಲದ ಬಾಯಿಯ ಆ ಮಾತು ನನಗೆ ಅರ್ಥವಾಗಲಿಲ್ಲ. ಆದರೆ ಭಾವ ಅರ್ಥವಾಯಿತು. ಇಂಥ ಗಳಿಗೆಯಲ್ಲಿ ಹಿರಿಯರು ಆಶೀರ್ವಾದವಲ್ಲದೆ ಇನ್ನೇನು ಮಾಡಿಯಾರು? ಹಲ್ಲುಗಳನ್ನು ನಡುವೆ ಇಟ್ಟುಕೊಂಡೇ ಎರಡೂ ಕೈ ಜೋಡಿಸಿ, ತಲೆಬಾಗಿ ನಿಂತೆ.

ಸುಮತಿ ನನ್ನ ಮೊಣಕೈ ತಿವಿದಳು.

"ಆಶೀರ್ವಾದ ಅಲ್ಲ ಮಾರಾಯ್ರೆ! ಮೂರನೇ ಸಿಲಿಂಡರ್ ಕೆಲಸ ಮಾಡುದಿಲ್ಲ, ಪುನಃ ಬಿಚ್ಚಿ ಅಂತ ಹೇಳ್ತಿದ್ದಾರೆ. ಮೊದ್ಲು ಅವರ ಹಲ್ಲು ಕೊಡಿ!"