ಮೂಕಿ ಚಿತ್ರದ ಕಳ್ಳ

ದರ್ಜಿಯ ಪ್ರಾಣಕ್ಕೆ ಕುತ್ತು ತಂದದ್ದು ಅವನ ಮೀಸೆ. ಜಿರಲೆ ಕಂಡರೆ ಹೊಲಿಗೆ ಯಂತ್ರದ ಮೇಲೆ ಹತ್ತಿ ನಿಲ್ಲುವ ಆಸಾಮಿಗೆ ದೇವರು ಡಕಾಯಿತನ ಮೀಸೆ ಕೊಟ್ಟುಬಿಟ್ಟಿದ್ದ. ಬೆಳಿಗ್ಗೆ ಅಂಗಿಯ ಅಳತೆಗೆ ಬಂದ ಸಿನಿಮಾದವನು ಆ ಮೀಸೆ ನೋಡಿ ಅಂಗಿಯನ್ನೇ ಮರೆತ.

"ಕಳ್ಳನ ಪಾತ್ರ ಮಾಡ್ತೀರಾ? ಪುಟ್ಟ ಚಿತ್ರ. ಆದ್ರೆ ನೋಡ್ದೋರ ಎದೆ ಝಲ್ ಅನ್ಬೇಕು."

"ನಾಲ್ಕು ಜನರ ಮುಂದೆ ನಂಗೆ ಮಾತೇ ಹೊರಡಲ್ಲ ಸ್ವಾಮಿ."

"ಮೂಕಿ ಚಿತ್ರ ಕಣ್ರೀ, ಮಾತೇ ಬೇಡ! ಗಡಿಯಾರ ರಿಪೇರಿಯವರ ಕಿಟಕಿಯಿಂದ ಗಂಟು ಹೊತ್ತು ಹಾರೋದು, ಬೀದಿ ತುದಿವರೆಗೆ ಓಡೋದು. ಅಷ್ಟೇ."

ಚಲಿಸುವ ಚಿತ್ರವೆಂದರೆ ಏನೆಂದು ಆ ಬೀದಿಗೆ ಗೊತ್ತಿರದ ಕಾಲ ಅದು. ದಿನಾ 'ಪುಕ್ಕಲ' ಎಂದು ಮೂದಲಿಸುವ ಹೆಂಡತಿ ಪರದೆಯ ಮೇಲೆ ತನ್ನನ್ನು ಕಂಡು ಬಾಯಿಬಿಡಬೇಕು ಎಂದುಕೊಂಡ ದರ್ಜಿ, ಅವಳಿಗೂ ಹೇಳದೆ ಒಪ್ಪಿಕೊಂಡ. ಆಮೇಲೆ ಶುರುವಾಯಿತು ತಳಮಳ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಒಬ್ಬ ಗಿರಾಕಿಯ ಷರಾಯಿಗೆ ತೋಳು ಹೊಲಿದ.

ಮಧ್ಯಾಹ್ನ ಮುಖಕ್ಕೆ ಮಸಿ ಬಳಿದುಕೊಂಡು ಕಿಟಕಿ ಹತ್ತಿದ. ಜನ ನಿಜವಾಗಿ ಬೆಚ್ಚಿಬೀಳಲಿ ಎಂದು ಸಿನಿಮಾದವನು ಗಡಿಯಾರದವನ ಹೊರತು ಯಾರಿಗೂ ಸುಳಿವು ಕೊಡದೆ, ಮುಚ್ಚಿದ ಗಾಡಿಯೊಳಗೆ ಕ್ಯಾಮೆರಾದ ಹಿಡಿಕೆ ತಿರುಗಿಸುತ್ತ ಕೂತಿದ್ದ. ದರ್ಜಿಗೆ ಇದು ತಿಳಿದದ್ದು, ಗಡಿಯಾರದವನ ತಾಯಿ "ಕಳ್ಳ! ಕಳ್ಳ!" ಎಂದು ಪೊರಕೆ ಬೀಸಿದಾಗ.

ಬಾಗಿಲುಗಳು ದಡಬಡ ತೆರೆದವು. ಅಗಸ ದೊಣ್ಣೆ ತಂದ, ಬೇಕರಿಯವನು ಲಟ್ಟಣಿಗೆ ತಂದ. ದರ್ಜಿ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ಓಡಿದ.

"ಸಿನಿಮಾ! ಸಿನಿಮಾ!" ಎಂದು ಅರಚಿದ.

"ಜೊತೆಗಾರನ್ನ ಕೂಗ್ತಾನೆ! ಸಿನಿಮಾ ಅಂತೆ ಅವನ ಹೆಸರು. ಅವನೂ ಇಲ್ಲೇ ಎಲ್ಲೋ ಇದಾನೆ, ಹುಡುಕ್ರೋ!"

ನೀರು ತರುತ್ತಿದ್ದ ಹೆಂಡತಿ ಎದುರಾದಳು. ದರ್ಜಿಗೆ ಹೋದ ಜೀವ ಬಂದಂತಾಯಿತು.

"ಲೇ, ನಾನು ಕಣೇ!"

"ಅಯ್ಯೋ ಪಾಪಿ! ನಮ್ಮೆಜಮಾನ್ರ ಧ್ವನಿ ಬೇರೆ ಕದ್ದಿದೀಯಾ?" ಎಂದು ಅವಳು ಬಿಂದಿಗೆಯಿಂದಲೇ ಬಡಿದಳು.

ಠಾಣೆಯ ಲಾಕಪ್ಪಿನಲ್ಲಿ ನೀರು ಚೆಲ್ಲಿ ಮಸಿ ತೊಳೆದಾಗಲೇ ಅದರಡಿಯಿಂದ ಗಂಡ ಹೊರಬಂದದ್ದು. ಹೆಂಡತಿ ಹಣೆ ಚಚ್ಚಿಕೊಂಡು ಅತ್ತಳು. ಅಷ್ಟರಲ್ಲಿ ಸಿನಿಮಾದವನು ಏದುಸಿರು ಬಿಡುತ್ತ ಬಂದು ಎಲ್ಲ ವಿವರಿಸಿದ. ಇನ್‌ಸ್ಪೆಕ್ಟರು ನಕ್ಕು ಬೀಗದ ಕೈ ತೆಗೆದರು.

"ಅಯ್ಯೋ, ಬಿಡ್ಬೇಡಿ ಸಾರ್!" ಸಿನಿಮಾದವನು ಕೈ ಹಿಡಿದ. "ಹೊತ್ತು ಮುಳುಗ್ತಿದೆ, ಲಾಕಪ್ ದೃಶ್ಯ ನಾಳೆ ಬೆಳಿಗ್ಗೆ ತೆಗೀಬೇಕು. ಮನೇಲಿ ಉಂಡು ಮಲಗಿದ್ರೆ ಈ ದೈನ್ಯ, ಈ ಬಾವು ಮತ್ತೆ ಸಿಗುತ್ತಾ? ಅಂದ ಹಾಗೆ, ಕತೇಲಿ ಕಳ್ಳನ್ನ ಹಿಡಿಯೋ ಇನ್‌ಸ್ಪೆಕ್ಟರ್ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ..."

ಇನ್‌ಸ್ಪೆಕ್ಟರ ಕೈಯಲ್ಲಿದ್ದ ಬೀಗದ ಕೈ ಮೆಲ್ಲಗೆ ಜೇಬಿಗಿಳಿಯಿತು. ಅವರು ಕಿಟಕಿಯ ಗಾಜಿನಲ್ಲಿ ಟೋಪಿ ಸರಿಮಾಡಿಕೊಳ್ಳತೊಡಗಿದರು.

ದರ್ಜಿ ಸರಳು ಹಿಡಿದು ಗೋಗರೆದ. "ನೀನಾದ್ರೂ ಒಂದ್ಮಾತು ಹೇಳೇ!"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಸಿನಿಮಾದವನ ಹತ್ತಿರ ಸರಿದಳು.

"ಸ್ವಾಮಿ, ಆ ಇನ್‌ಸ್ಪೆಕ್ಟರಿಗೆ ಕತೇಲಿ ಹೆಂಡ್ತಿ ಇದಾಳಾ?"