ಯಾರ ಮನೆಯ ಚಾವಡಿ?

ಬೇರೆಯವರ ಕಷ್ಟವನ್ನು ಕಾಗದಕ್ಕೆ ಇಳಿಸುವುದು ನನ್ನ ಕಸುಬು. ಮೂಡುಬಿದಿರೆ ಪೇಟೆಯಲ್ಲಿ, ಹಮೀದನ ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತೇನೆ. ರೇಶನ್ ಕಾರ್ಡಿನಲ್ಲಿ ಅಜ್ಜಿ ಗಂಡಸಾಗಿ ಅಚ್ಚಾದವರು, ಮನೆಯ ಎದುರಿನ ಚರಂಡಿ ಯಾರದು ಎಂದು ತಿಳಿಯದವರು, ಸತ್ತವರನ್ನು ಸತ್ತಿದ್ದಾರೆಂದು ಸರಕಾರಕ್ಕೆ ನಂಬಿಸಲಾರದವರು ಎಲ್ಲರೂ ನನ್ನ ಮುಂದೆ ಕುಳಿತು ತುಳುವಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಾರೆ. ನಾನು ಅದನ್ನು 'ತಮ್ಮ ಅವಗಾಹನೆಗೆ ತರಬಯಸುತ್ತೇನೆ' ಎಂದು ಕನ್ನಡದಲ್ಲಿ ಬರೆಯುತ್ತೇನೆ. ಇದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ನಾನು ಬರೆದ ಒಂದು ಅರ್ಜಿಯೂ ಹಿಂದಕ್ಕೆ ಬಂದದ್ದಿಲ್ಲ ಎಂದು ಊರೆಲ್ಲ ಹೇಳುತ್ತಾರೆ, ಏಕೆಂದರೆ ಊರಿಗೆಲ್ಲ ನಾನೇ ಹಾಗೆ ಹೇಳಿದ್ದೇನೆ. ಕೆಲವಕ್ಕೆ ಉತ್ತರವೇ ಬಂದಿಲ್ಲ, ನಿಜ. ಆದರೆ ಉತ್ತರ ಬಾರದಿರುವುದು ಬೇರೆ, ಹಿಂದಕ್ಕೆ ಬರುವುದು ಬೇರೆ. ಅಂಥ ನನ್ನ ಸ್ವಂತ ಅರ್ಜಿಯೇ ಒಮ್ಮೆ ತಿರಸ್ಕೃತವಾಗಿ ಮನೆಗೆ ಬಂತು. ಕೊನೆಗೆ ಗೆದ್ದಿದ್ದೇನೆ ಎಂಬ ಧೈರ್ಯ ಇರುವುದರಿಂದ ಈಗ ಅದನ್ನು ಒಪ್ಪಿಕೊಳ್ಳುತ್ತಿದ್ದೇನೆ.

ನಮ್ಮ ಮನೆ ಪುತ್ತಿಗೆಯಲ್ಲಿ. ಮೇ ತಿಂಗಳ ಕೊನೆಯ ಒಂದು ಸಂಜೆ ಚಾವಡಿಯಲ್ಲಿ ಕುಳಿತು ಟಿ.ವಿ. ನೋಡುತ್ತ ಚಹಾ ಕುಡಿಯುತ್ತಿದ್ದೆ. ಹೊರಗೆ ಗಾಳಿ ಜೋರಾಗಿತ್ತು. ತಟ್ಟೆಯಲ್ಲಿದ್ದ ಎರಡು ಬನ್ಸ್ ಮುಗಿದಿದ್ದವು. ಮೂರನೆಯದನ್ನು ಕೇಳಿದರೆ ಹೆಂಡತಿ ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮಾಡುತ್ತಾಳೆಂದು, ಕೇಳದೆ ತೆಗೆದುಕೊಳ್ಳಲು ಮೆಲ್ಲಗೆ ಎದ್ದು ಅಡಿಗೆಮನೆಯತ್ತ ಹೋದೆ. ಬನ್ಸಿಗೆ ಕೈ ಹಾಕಿದ್ದೇ ತಡ, ಚಾವಡಿಯಲ್ಲಿ ಮನೆಯೇ ಮಗುಚಿದಂಥ ಸದ್ದಾಯಿತು. ಅಂಗಳದ ತೆಂಗಿನಮರ ಬುಡಸಮೇತ ಬಂದು ಮಾಡಿನ ಮೇಲೆ ಮಲಗಿತ್ತು. ಹಂಚು, ಅದನ್ನು ಹೊತ್ತ ಪಕ್ಕಾಸು, ರೀಪು ಎಲ್ಲ ನಾನು ಕುಳಿತಿದ್ದ ಕುರ್ಚಿಯ ಮೇಲಿದ್ದವು. ಹೆಂಡತಿ ಪದ್ಮಲತಾ ಓಡಿ ಬಂದು, ನಾನು ಬದುಕಿರುವುದನ್ನೂ ನನ್ನ ಕೈಯಲ್ಲಿದ್ದ ಬನ್ಸನ್ನೂ ನೋಡಿ, ಮೊದಲು ಯಾವುದಕ್ಕೆ ಮಾತಾಡುವುದೆಂದು ತಿಳಿಯದೆ ಅತ್ತುಬಿಟ್ಟಳು.

ಮನೆಸಾಲ ಕೊಡುವಾಗ ಬ್ಯಾಂಕಿನವರೇ ಒಂದು ವಿಮೆ ಮಾಡಿಸಿದ್ದರು. ಕಂಪೆನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ಸಣ್ಣದೊಂದು ಶಾಖೆ ಮೆಲ್ಕಾರಿನಲ್ಲಿ. ಪದ್ಮಲತಾ ಇಪ್ಪತ್ತೈದು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಅವಳಿಗೆ ಉದ್ದದ ವಾಕ್ಯವೆಂದರೆ ಆಗುವುದಿಲ್ಲ. "ಫೋಟೋ ಇಟ್ಟು ನಾಲ್ಕು ಗೆರೆ ಬರೀರಿ, ಸಾಕು," ಎಂದಳು. ನಾಲ್ಕು ಗೆರೆ! ಸಂಗೀತ ವಿದ್ವಾಂಸನಿಗೆ, ನಿನ್ನ ಮಗಳ ಮದುವೆಯಲ್ಲಿ ಸೀಟಿ ಹೊಡೆದರೆ ಸಾಕು ಎಂದ ಹಾಗಾಯಿತು. ಜೀವಮಾನವಿಡೀ ಪರರ ಕಷ್ಟಕ್ಕೆ ಪದ ಹೊಸೆದವನಿಗೆ ಈಗ ಸ್ವಂತದ್ದೊಂದು ಕಷ್ಟ ಒದಗಿದೆ, ಇದನ್ನು ಬಿಡುವುದುಂಟೇ? ಎರಡೂವರೆ ಪುಟ ಬರೆದೆ. ಅದರಲ್ಲಿ ನನಗೆ ಬಹಳ ಹಿಡಿಸಿದ ವಾಕ್ಯ ಇದು: 'ಯಾವ ಚಾವಡಿಯಲ್ಲಿ ನನ್ನ ಪಿತಾಮಹರ ಕಾಲದಿಂದಲೂ ಊರ ಹತ್ತು ಸಮಸ್ತರು ನೆರೆದು ನ್ಯಾಯ ತೀರ್ಮಾನಗಳನ್ನು ನಡೆಸಿಕೊಂಡು ಬಂದಿರುತ್ತಾರೋ, ಸದರಿ ಚಾವಡಿಯ ಮಾಡು ಬಿರುಗಾಳಿಯ ಹೊಡೆತಕ್ಕೆ ಸಿಲುಕಿ ನೆಲಕಚ್ಚಿರುತ್ತದೆ.' ನಿಜ ಹೇಳಬೇಕೆಂದರೆ ಅಜ್ಜನ ಕಾಲದಲ್ಲಿ ಅಲ್ಲಿಗೆ ಬಂದದ್ದು ಒಂದೇ ಒಂದು ವ್ಯಾಜ್ಯ, ಎರಡು ಮನೆಯವರ ನಡುವಿನ ಎಮ್ಮೆಯದ್ದು. ಅದೂ ತೀರ್ಮಾನವಾಗಲಿಲ್ಲ. ಎಮ್ಮೆ ಸತ್ತದ್ದರಿಂದ ನಿಂತುಹೋಯಿತು. ಆದರೆ ವಾಕ್ಯಕ್ಕೊಂದು ತೂಕ ಬೇಡವೇ? ಮೆಲ್ಕಾರಿನ ಶಾಖೆಯಲ್ಲಿದ್ದ ಹುಡುಗಿ, ಇಂಗ್ಲಿಷಿನಲ್ಲಿ ಕೊಟ್ಟರೆ ಬೇಗ ಆಗ್ತದೆ ಎಂದಳು. ಕನ್ನಡದಲ್ಲೇ ಕೊಡುತ್ತೇನೆ, ಕನ್ನಡದಲ್ಲೇ ಉತ್ತರ ಬೇಕು ಎಂದು ಎದೆಯುಬ್ಬಿಸಿ ಹೇಳಿ ಬಂದೆ.

ಬೆಂಗಳೂರಿನಿಂದ ಉತ್ತರ ಕನ್ನಡದಲ್ಲೇ ಬಂತು. ಅದಕ್ಕೂ ಮೊದಲು ಕಂಪೆನಿಯ ಕಡೆಯವನೊಬ್ಬ ಬಂದು ಏಣಿ ಹತ್ತಿ, ಮಾಡಿನ ಮತ್ತು ಮರದ ಫೋಟೋ ಹೊಡೆದುಕೊಂಡು ಅವಸರದಲ್ಲಿ ಹೋಗಿದ್ದ. ಪತ್ರದಲ್ಲಿ ಹೀಗಿತ್ತು: 'ಹಾನಿಗೊಂಡ ಕಟ್ಟಡವು ಚಾವಡಿಯಾಗಿದ್ದು, ಸಾರ್ವಜನಿಕರು ಅಲ್ಲಿ ನ್ಯಾಯ ತೀರ್ಮಾನ ನಡೆಸುತ್ತಿರುವುದಾಗಿ ಅರ್ಜಿದಾರರೇ ತಿಳಿಸಿರುವುದರಿಂದ, ಸದರಿಯು ವಾಸದ ಮನೆಯ ವ್ಯಾಖ್ಯೆಗೆ ಒಳಪಡುವುದಿಲ್ಲ.' ಮೂರು ಸಲ ಓದಿದೆ. ನನ್ನ ವಾಕ್ಯದಿಂದಲೇ ನನ್ನನ್ನು ಹೊಡೆದಿದ್ದರು. ಘಟ್ಟದ ಮೇಲೆ ಚಾವಡಿ ಎಂದರೆ ಸರಕಾರದ ಕಟ್ಟಡವೆಂಬುದು ನನಗೆ ಆಗಲೇ ನೆನಪಾದದ್ದು. ಪತ್ರದ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ಶಶಿಧರ್ ಎಂಬ ಅಧಿಕಾರಿ ಸಿಕ್ಕಿದರು, ದನಿ ಕೇಳಿದರೆ ಸಣ್ಣ ಪ್ರಾಯದವರು.

"ಚಾವಡಿ ಅಂದ್ರೆ ಶಾನುಭೋಗ್ರು, ಪಟೇಲ್ರು ಕೂತ್ಕೊಳ್ಳೋ ಜಾಗ ಅಲ್ವಾ ಸಾರ್? ನಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಇದೆ."

"ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಪ್ರತಿ ಮನೆಯಲ್ಲಿಯೂ ಒಂದು ಚಾವಡಿ ಉಂಟು."

"ಮನೆಗೊಂದಾ? ಅಷ್ಟೊಂದು ಜಗಳ ಆಗುತ್ತಾ ಸಾರ್ ನಿಮ್ ಕಡೆ?"

"ಜಗಳದ ವಿಷಯ ಅಲ್ಲ ಮಾರಾಯ್ರೆ. ಮರ ಬಿದ್ದು ಮಾಡು ಹೋಗಿದೆ."

"ಏನ್ ಮಾಡು?"

"ಮಾಡು. ಮೇಲಿನ ಮಾಡು!"

"ಮೇಲಿನವ್ರು ಏನ್ ಮಾಡ್ಬೇಕು ಅಂತ ನೀವು ಹೇಳೋ ಹಾಗಿಲ್ಲ ಸಾರ್," ಎಂದು ಅವರು ಸ್ವಲ್ಪ ಖಾರವಾಗಿಯೇ ಹೇಳಿ, ಬೇಕಿದ್ದರೆ ಮೇಲ್ಮನವಿ ಕಳಿಸಿ, ತೀರ್ಮಾನ ಆಗುವ ತನಕ ಕಟ್ಟಡ ಮುಟ್ಟಬೇಡಿ ಎಂದು ಫೋನ್ ಇಟ್ಟರು. ನಮ್ಮ ಕಡೆ ಛಾವಣಿಗೆ ಮಾಡು ಎನ್ನುತ್ತಾರೆಂದು ನಾನು ವಿವರಿಸಿದ್ದು, ಇಟ್ಟ ಫೋನಿಗೆ.

ಮಳೆಗಾಲ ಹಿಡಿಯಿತು. ಹರಿದ ಮಾಡಿಗೆ ಟರ್ಪಾಲು ಕಟ್ಟಿ, ಕೆಳಗೆ ಬಕೆಟು, ಪಾತ್ರೆ, ಕೊನೆಗೆ ಇಡ್ಲಿ ಬೇಯಿಸುವ ಅಟ್ಟವನ್ನೂ ಇಟ್ಟೆವು. ಆದರೆ ನನಗೆ ನೀರಿನ ಚಿಂತೆಗಿಂತ ಹೆಸರಿನ ಚಿಂತೆ ದೊಡ್ಡದಾಗಿತ್ತು. ಸ್ವಂತ ಅರ್ಜಿ ಹಿಂದಕ್ಕೆ ಬಂತೆಂದು ಪೇಟೆಗೆ ಗೊತ್ತಾದರೆ ನನ್ನ ಮೇಜಿನ ಮುಂದೆ ಯಾರು ಕೂರುತ್ತಾರೆ? ಮೇಲ್ಮನವಿಗೆ ಆ ಪತ್ರದ ಪ್ರತಿ ಬೇಕಿತ್ತು. ಹಮೀದನಲ್ಲಿ ಜೆರಾಕ್ಸ್ ಮಾಡಿಸುವುದೆಂದರೆ ಮೈಕ್ ಕಟ್ಟಿ ಹೇಳಿದ ಹಾಗೆ. ಅದಕ್ಕೇ ಬಸ್ಸು ಹತ್ತಿ ಮೆಲ್ಕಾರಿಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಪ್ರತಿ ತೆಗೆಸಿ, ಗುಟ್ಟು ಉಳಿಸಿದ ಸಂತೋಷದಲ್ಲಿ ಗೋಳಿಬಜೆ ತಿಂದು ವಾಪಸು ಬಂದೆ. ಇಳಿಯುವಾಗಲೇ ಹಮೀದ ಎದುರಿಗೆ ನಿಂತಿದ್ದ. "ಎಂತ ಮಾರಾಯ್ರೆ, ನಿಮ್ಮ ಅರ್ಜಿ ವಾಪಸು ಬಂತಂತೆ? ಮೆಲ್ಕಾರಿನ ಅಂಗಡಿ ನನ್ನ ಭಾವನದ್ದು," ಎಂದ. ಅವನ ಮುಖದಲ್ಲಿ ನಿಜವಾದ ದುಃಖವಿತ್ತು. ಅದೇ ನನಗೆ ಹೆಚ್ಚು ಉರಿಯಿತು. ಆ ವಾರ ನನ್ನ ಮುಂದೆ ಕುಳಿತವರು ಇಬ್ಬರೇ. ಒಬ್ಬರು ಬಸ್ಸಿನ ಹೊತ್ತು ಕೇಳಲು, ಇನ್ನೊಬ್ಬರು ಕಾಲು ನೋವೆಂದು.

ಹಟ ಬಂತು. ಐದು ಪುಟದ ಮೇಲ್ಮನವಿ ಬರೆದೆ. ಚಾವಡಿ ಶಬ್ದದ ಹುಟ್ಟು, ಘಟ್ಟದ ಮೇಲಿನ ಅರ್ಥ, ಘಟ್ಟದ ಕೆಳಗಿನ ಅರ್ಥ, ಜಗಲಿಗೂ ಚಾವಡಿಗೂ ಇರುವ ಭೇದ ಯಾವುದನ್ನೂ ಬಿಡಲಿಲ್ಲ. ಪದ್ಮಲತಾ ಓದಿ, "ಇದರಲ್ಲಿ ಮರ ಬಿದ್ದದ್ದು ಎಲ್ಲಿ ಉಂಟು?" ಎಂದು ಕೇಳಿದಳು. ನಾಲ್ಕನೆಯ ಪುಟದ ಕೊನೆಗೆ ಉಂಟು ಎಂದೆ. ಅವಳು ಬಕೆಟಿನ ನೀರು ಚೆಲ್ಲಲು ಹೋದಳು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ತಿಂಗಳಾದರೂ ಸುದ್ದಿಯಿಲ್ಲ. ಆಮೇಲೆ ಒಂದು ದಿನ ಶಶಿಧರ್ ಅವರೇ ಫೋನ್ ಮಾಡಿ, ನಾಳೆ ಸ್ಥಳ ನೋಡಲು ಬರ್ತೀನಿ ಎಂದರು. ನನ್ನ ಐದು ಪುಟಗಳು ಬೆಂಗಳೂರನ್ನು ಅಲುಗಾಡಿಸಿದವೆಂದು ನಾನು ಆ ದಿನವಿಡೀ ನೆಲದ ಮೇಲೆ ನಡೆಯಲಿಲ್ಲ.

ಮರುದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ನಿಘಂಟು ಹಿಡಿದು, ಟರ್ಪಾಲಿನ ಕೆಳಗೆ ಕಾದು ಕುಳಿತೆ. ಹನ್ನೊಂದಕ್ಕೆ ಬರಬೇಕಾದವರು ಒಂದು ಗಂಟೆಗೆ ಬಂದರು. ಬಂದವರ ಮುಖದಲ್ಲಿ ಬೆವರು, ಆಶ್ಚರ್ಯ ಎರಡೂ ಇತ್ತು. ಆದದ್ದು ಇಷ್ಟು: ಅವರು ನನ್ನ ಮನೆಯನ್ನು ಕೇಳಿರಲಿಲ್ಲ. ಅರ್ಜಿದಾರರಿಗೆ ತಿಳಿಯದ ಹಾಗೆ ಸತ್ಯ ಪತ್ತೆ ಮಾಡಬೇಕೆಂದು, ಪುತ್ತಿಗೆಯಲ್ಲಿ ಕಾರಿನಿಂದಿಳಿದು ಚಾವಡಿ ಎಲ್ಲಿದೆ ಎಂದು ಕೇಳಿದ್ದಾರೆ. ಗೂಡಂಗಡಿಯವನು, "ಯಾರ ಮನೆದ್ದು?" ಎಂದಿದ್ದಾನೆ. ಊರಿನ ಚಾವಡಿ ಎಂದದ್ದಕ್ಕೆ, "ಊರಲ್ಲಿ ಎಷ್ಟು ಮನೆ ಉಂಟೋ ಅಷ್ಟು ಚಾವಡಿ ಉಂಟು. ನಿಮಗೆ ಯಾವುದು ಬೇಕು?" ಎಂದಿದ್ದಾನೆ. ಮುಂದಿನ ಮನೆಯಲ್ಲಿ ಕೇಳಿದಾಗ ಒಳಗೆ ಕರೆದು ಕೂರಿಸಿ ಬೆಲ್ಲ ನೀರು ಕೊಟ್ಟಿದ್ದಾರೆ. ಅದರ ಮುಂದಿನ ಮನೆಯಲ್ಲೂ ಬೆಲ್ಲ ನೀರು. ಮೂರನೆಯ ಮನೆಯ ಮುದುಕಿಯ ಹತ್ತಿರ ಇವರು ಸೋತ ದನಿಯಲ್ಲಿ, ಚಾವಡಿ ಎಲ್ಲಿದೆ ತೋರಿಸಿ ಅಮ್ಮಾ ಎಂದಾಗ ಆಕೆ, "ನೀನು ಈಗ ಕೂತದ್ದು ಎಲ್ಲಿ ಮಗಾ?" ಎಂದು ಕೇಳಿದಳಂತೆ.

ನಾನು ಐದು ಪುಟಗಳ ಪ್ರತಿ ಬಿಡಿಸಿ, ಗಂಟಲು ಸರಿ ಮಾಡಿಕೊಂಡು, "ಮಾನ್ಯರೇ," ಎಂದು ಶುರು ಮಾಡಿದೆ.

"ಬೇಡ ಸಾರ್. ಚಾವಡಿ ಅರ್ಥ ಆಯ್ತು. ಮೂರು ಚಾವಡೀಲಿ ಕೂತು ಬಂದೆ. ತಲೆ ಮೇಲೆ ಇರೋದು ಮಾಡು ಅಂತಾನೂ ಅಜ್ಜಿ ಹೇಳಿಕೊಟ್ರು."

"ನನ್ನ ಮೇಲ್ಮನವಿ ಓದಿದಿರಾ?"

"ಅದು ಅನುವಾದಕ್ಕೆ ಹೋಗಿದೆ ಸಾರ್."

"ಅದು ಕನ್ನಡದಲ್ಲೇ ಉಂಟಲ್ಲ!"

"ಹೌದು ಸಾರ್. ಅದೇ ತೊಂದರೆ ಆಗಿರೋದು."

ಹಾಗಾದರೆ ಇಲ್ಲಿಗೆ ಬಂದದ್ದು ಹೇಗೆ ಎಂದೆ. ಅವರು ತಮ್ಮ ಮೊಬೈಲ್ ತೆಗೆದು ತೋರಿಸಿದರು. "ನಿಮ್ಮದೇ ವಾಟ್ಸಾಪ್ ಮೆಸೇಜು. ನಮ್ಮ ಮ್ಯಾನೇಜರು ಇದನ್ನ ಓದಿ ಇವತ್ತೇ ಹೊರಡು ಅಂದ್ರು." ನನ್ನ ನಂಬರಿನಿಂದ ಹೋದ ಸಂದೇಶ ಅದು: 'ಚಾವಡಿ ಅಂದರೆ ಮನೆಯ ಹಾಲ್. ನಮ್ಮ ಮನೆಯ ಹಾಲಿನ ಮೇಲೆ ತೆಂಗಿನಮರ ಬಿದ್ದಿದೆ. ಮಳೆ ಒಳಗೆ ಬರುತ್ತಿದೆ. ಬಂದು ನೋಡಿ, ಊಟ ಇಲ್ಲಿಯೇ ಮಾಡಬಹುದು.' ನಾನು ಪದ್ಮಲತಾಳ ಮುಖ ನೋಡಿದೆ. ಅವಳು ಬಹಳ ಆಸಕ್ತಿಯಿಂದ ಬಕೆಟಿನೊಳಗೆ ನೋಡುತ್ತಿದ್ದಳು. "ಎಷ್ಟು ಚೆನ್ನಾಗಿ ಬರೆದಿದ್ದೀರಿ ಸಾರ್," ಎಂದರು ಶಶಿಧರ್. ಒಂದು ಕ್ಷಣ ಸತ್ಯ ನಾಲಗೆಯ ತುದಿಗೆ ಬಂದಿತ್ತು. "ಏನೋ, ರೂಢಿ ಬಲ," ಎಂದುಬಿಟ್ಟೆ.

ಹದಿನೈದು ದಿನದಲ್ಲಿ ಮಂಜೂರಾತಿ ಪತ್ರ ಬಂತು. 'ಸದರಿ ಚಾವಡಿಯು ವಾಸದ ಮನೆಯ ಭಾಗವೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ.' ಈ ಸಲ ನಾನು ಮೆಲ್ಕಾರಿಗೆ ಹೋಗಲಿಲ್ಲ. ಪೇಟೆಯ ನಡುವೆ ಪತ್ರವನ್ನು ಎತ್ತಿ ಹಿಡಿದುಕೊಂಡು ನಡೆದು, ಹಮೀದನ ಮೇಜಿನ ಮೇಲೆ ಇಟ್ಟು, ಇಪ್ಪತ್ತು ಪ್ರತಿ ತೆಗಿ ಎಂದೆ. ಇಪ್ಪತ್ತು ಯಾಕೆಂದು ಅವನು ಕೇಳಲಿಲ್ಲ. ಒಂದಕ್ಕೆ ಲ್ಯಾಮಿನೇಶನ್ ಮಾಡಿ ದುಡ್ಡು ಬೇಡವೆಂದ. ಬೆಂಗಳೂರನ್ನು ಸೋಲಿಸಿದ ಸುಖ ಎಂಥದ್ದೆಂದು ಸೋಲಿಸಿದವನಿಗೇ ಗೊತ್ತು. ಹೊಸ ಹಂಚು ಬಂತು, ಮಾಡು ನಿಂತಿತು, ನನ್ನ ಮೇಜಿನ ಮುಂದೆ ಜನ ಸೇರಿದರು. ಮೆಸೇಜಿನ ಕತೆಯನ್ನು ನಾನೇ ಎಲ್ಲರಿಗೂ ಹೇಳಿದೆ, ಬರೆದವನು ನಾನೇ ಎಂಬ ಹಾಗೆ.

ಅಲ್ಲೇ ಎಡವಟ್ಟಾಯಿತು. ಮುಂಡಾಜೆಯಿಂದ ಒಬ್ಬರು, ಗಾಳಿಗೆ ದನದ ಹಟ್ಟಿಯ ಮಾಡು ಹೋಯಿತೆಂದು ಹುಡುಕಿಕೊಂಡು ಬಂದರು. ಉತ್ಸಾಹದಲ್ಲಿ ಮೂರು ಪುಟ ಬರೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಮಗುಚಿ ನೋಡಿ, "ಒಳ್ಳೆಯದುಂಟು ಅಣ್ಣ. ಆದ್ರೆ ಆ ಮೆಸೇಜಿನ ಹಾಗಿನದ್ದು ಒಂದು ಬರೆದು ಕೊಡ್ತೀರಾ?" ಎಂದರು. ನಾಳೆ ಬನ್ನಿ ಎಂದೆ. ಆ ಮೂರು ಪುಟವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಈಗ ದಿನವೂ ಹಾಗೆಯೇ. ಎಲ್ಲರಿಗೂ ಮೆಸೇಜಿನ ಹಾಗಿನದ್ದೇ ಬೇಕು. ನಾನು ಸಂಜೆ ಚೀಲ ತುಂಬಿಸಿಕೊಂಡು ಹೋಗುತ್ತೇನೆ, ಪದ್ಮಲತಾ ಸಾರು ಕುದಿಯುವುದರೊಳಗೆ ಬರೆದು ಮುಗಿಸುತ್ತಾಳೆ, ಬೆಳಿಗ್ಗೆ ನಾನು ಅದನ್ನು ಗಂಭೀರವಾಗಿ ವಿಲೇವಾರಿ ಮಾಡುತ್ತೇನೆ. ಒಂದೂ ಹಿಂದಕ್ಕೆ ಬಂದಿಲ್ಲ.

ಮೊನ್ನೆ ಅವಳು, ಇದೆಲ್ಲ ಹೊತ್ತು ತರುವ ಬದಲು ನಾನೇ ಪೇಟೆಗೆ ಬಂದು ಕೂರಬಾರದಾ ಎಂದು ಕೇಳಿದಳು. ಅದಕ್ಕೆಲ್ಲ ಒಂದು ಕ್ರಮ ಉಂಟು, ಅರ್ಜಿ ಕೊಡು, ಪರಿಶೀಲಿಸುವ ಎಂದು ತಮಾಷೆ ಮಾಡಿ ಜಾರಿಕೊಂಡೆ. ಅವಳು ಅಲ್ಲೇ ಬರೆದು ಕೊಟ್ಟಳು: 'ಬರೆಯುವವಳು ನಾನು. ಕುರ್ಚಿ ಹಾಕಿಸಿ.' ಮೂರು ದಿನದಿಂದ ಅದನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೇನೆ. ತಿರಸ್ಕರಿಸಲು ಒಂದೇ ಒಂದು ಪದವೂ ಸಿಗುತ್ತಿಲ್ಲ.