ಇಳಕಲ್ಲಿನಿಂದ ರಶಿಯಾ ಆಳಿದ ಕಾಕಾ

ರಶಿಯಾದ ಹೊಸ ಅಧ್ಯಕ್ಷರನ್ನು ಪಟ್ಟಕ್ಕೇರಿಸಿದವರು ಇಳಕಲ್ಲಿನ ನಮ್ಮ ಕಾಕಾ ಎಂದರೆ ನೀವು ನಂಬುವುದಿಲ್ಲ. ಕಾಕಾ ನಂಬಿದ್ದರು, ಅಷ್ಟು ಸಾಲದೇ!

ಅಂದು ಬೆಳಿಗ್ಗೆಯೂ ಎಂದಿನಂತೆ ನಾನು ಚಹಾ ಸೋಸುತ್ತಿದ್ದೆ. ಕಾಕಾನ ಹೆಂಡತಿ ಚಿಗವ್ವ ರೊಟ್ಟಿಯ ಅಂಚನ್ನು ಬೆರಳಿನಿಂದ ಸವರಿ ನೋಡುತ್ತ ಬಡಿಯುತ್ತಿದ್ದರು. ಕಾಕಾ ಮೊದಲ ಬಸ್ಸಿಗೆ ಬಂದ ಇಂಗ್ಲಿಷ್ ಪೇಪರನ್ನು ನನ್ನ ಮುಂದಿಟ್ಟು, "ಓದವಾ, ನಮ್ಮಾಂವ ಏನಂತಾನ?" ಎಂದರು.

ಇವರು ನಮ್ಮ ಯಜಮಾನರ ಕಾಕಾ, ಕೈಮಗ್ಗದ ನೇಕಾರರು. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷಿಗೆ ಆ ಮನೆಯಲ್ಲಿದ್ದ ಒಂದೇ ಉದ್ಯೋಗವೆಂದರೆ ರಶಿಯಾದ ಸುದ್ದಿ ಓದಿ ಹೇಳುವುದು. ಆದರೆ ಅವತ್ತು ನನ್ನ ಕಣ್ಣಿಗೆ ಅಕ್ಷರವೇ ನಿಲ್ಲುತ್ತಿರಲಿಲ್ಲ. ನೇಕಾರರ ಸೊಸೈಟಿಯ ಹಿರಿಯ ಚೇರ್ಮನ್ನರು ಅಂದೇ ಕುರ್ಚಿ ಬಿಡುವವರಿದ್ದರು. ಅದು ತಮಗೇ ಎಂದು ಕಾಕಾ ಗಟ್ಟಿಯಾಗಿ ನಂಬಿದ್ದರು!

ರಶಿಯಾದ ನಂಟು ಹಳೆಯದು. ಹಿಂದೆ ಅಲ್ಲಿಂದ ಕನ್ನಡದಲ್ಲೇ ಅಚ್ಚಾದ ನುಣುಪು ಹಾಳೆಯ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತಂತೆ. ಮನೆಯ ಮಕ್ಕಳು ಆ ಹಾಳೆ ಹರಿದು ಪಾಠದ ಪುಸ್ತಕಕ್ಕೆ ಹೊದಿಸಿದರೆ ಕಾಕಾ ಊಟ ಬಿಡುತ್ತಿದ್ದರಂತೆ. ದೇಶ ಒಡೆದು ಪುಸ್ತಕವೂ ನಿಂತಾಗ, ಅಣ್ಣತಮ್ಮಂದಿರು ಪಾಲಾದರೆಂದು ಬೀಗರ ಮನೆಯ ದುಃಖದಂತೆ ಹೇಳಿಕೊಂಡು ತಿರುಗಿದರಂತೆ.

ಆಮೇಲೆ ಒಂದು ವರ್ಷದ ಕೊನೆಯ ದಿನ ಅಲ್ಲಿನ ಹಳೆಯ ಅಧ್ಯಕ್ಷರು ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟು, ಬೇಹುಗಾರಿಕೆಯಿಂದ ಬಂದ ಮಿತಭಾಷಿಯೊಬ್ಬರ ಕೈಗೆ ಅಧಿಕಾರ ಒಪ್ಪಿಸಿದರಲ್ಲ, ಆ ಸುದ್ದಿ ಓದಿ ಹೇಳಿದವಳು ನಾನೇ. ಕಾಕಾ ಲಾಳಿ ಕೆಳಗಿಟ್ಟರು. ಸುಮ್ಮನೆ ಪಕ್ಕದಲ್ಲಿ ಕೂತವನಿಗೂ ಕುರ್ಚಿ ಸಿಗುತ್ತದೆಯೇ? ಅಂದಿನಿಂದ ಅವರೂ ಆತನಂತೆ ನಗುವುದನ್ನೇ ಬಿಟ್ಟರು! ಸೊಸೈಟಿಯ ಸಭೆಗಳಲ್ಲಿ ಚೇರ್ಮನ್ನರ ಪಕ್ಕ ವರ್ಷಗಟ್ಟಲೆ ತುಟಿ ಬಿಚ್ಚದೆ ಕೂತರು. ಬರಬರುತ್ತ ಚೇರ್ಮನ್ನರು ಏನೇ ಹೇಳುವ ಮುಂಚೆ ಕಾಕಾನ ಮುಖ ನೋಡತೊಡಗಿದರು. ಮಾತಾಡದವರಿಗೆ ಬುದ್ಧಿ ಹೆಚ್ಚೆಂದು ಜನ ತಿಳಿಯುವುದು ಮಾಸ್ಕೋದಲ್ಲಿ ಮಾತ್ರವೇ?

ರಶಿಯಾದ ಆ ಹೊಸ ಅಧ್ಯಕ್ಷ ಜೂಡೋ ಪಟು ಎಂದು ನಾನು ಓದಬಾರದಿತ್ತು. ಪಟ್ಟು ತೋರಿಸಲು ಕಾಕಾ ನಮ್ಮ ಯಜಮಾನರನ್ನು ಹಿಡಿದರು. ಇಬ್ಬರೂ ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಗೆ ಬಿದ್ದರು. ಎತ್ತಲು ಓಣಿಯೇ ಬರಬೇಕಾಯಿತು! ಆತ ಚುನಾವಣೆ ಗೆದ್ದಾಗ ಅಮೀನಗಡದಿಂದ ಕರದಂಟು ತಂದು ಹಂಚಿದರು. ಪಕ್ಕದ ಮನೆಯ ನೀಲವ್ವ, "ಯಾರು ಹಡದಾರ್ರೀ? ಗಂಡೋ, ಹೆಣ್ಣೋ?" ಎಂದಳು.

"ಅಧ್ಯಕ್ಷ," ಎಂದರು ಕಾಕಾ.

ಆದರೆ ಅಧಿಕಾರದ ಕನಸಿಗೆ ದರ್ಪವೂ ಅಂಟಿಕೊಂಡೇ ಬರುತ್ತದೆ, ನೋಡಿ. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಬ್ಬರಿಂದ ಆಗದ ಕೆಲಸ. ಮದುವೆಯಾದಾಗಿನಿಂದ ಗಂಡಹೆಂಡತಿ ಹಾಡು ಗುನುಗುತ್ತ ಅದನ್ನು ಮಾಡಿದವರು. ಈಚೆಗೆ ಹಾಡು ಹೋಗಿ ಹುಕುಂ ಬಂದಿತ್ತು. "ಹಿಡಿ. ಬಲಕ್ಕ. ಇನ್ನೊಂದು ಬಟ್ಟು ಕೆಳಗ. ಹಾಂ, ಅದಾ." ಮಾತಿಗೆ ಮಾತು ಕೊಡುವ ಚಿಗವ್ವ ತಲೆ ತಗ್ಗಿಸಿ ಕೇಳುತ್ತಿದ್ದರು. ಮಾಸ್ಕೋದ ಗಾಳಿ ಮಗ್ಗದ ಮನೆಯವರೆಗೆ ಬಂತೆಂದು ನಾನೂ ಯಜಮಾನರೂ ಒಳಗೊಳಗೇ ನಕ್ಕಿದ್ದೆವು.

ಅಂದು ಕಾಕಾ ಇಸ್ತ್ರಿ ಧೋತರ ಉಟ್ಟು ಹೊರಟರು. ನಾನು ಶಿರಾಕ್ಕೆ ರವೆ ಹುರಿದಿಟ್ಟೆ. ಚಿಗವ್ವ ಎಳೆ ಮುಟ್ಟದೆ ಮಗ್ಗದ ಮುಂದೆ ಕೂತು, ಚಪ್ಪಲಿಯ ಸದ್ದಾದಾಗಲೆಲ್ಲ ಬಾಗಿಲ ಕಡೆ ಕಿವಿ ತಿರುಗಿಸುತ್ತಿದ್ದರು.

ಮಧ್ಯಾಹ್ನಕ್ಕೆ ಮುಂಚೆಯೇ ಕಾಕಾ ಬಂದರು. ಮುಖ ಥೇಟು ಆ ಅಧ್ಯಕ್ಷರದೇ, ಏನೂ ಗೊತ್ತಾಗುವಂತಿಲ್ಲ. ಯಜಮಾನರು ಮೆಲ್ಲಗೆ ಕೇಳಿದರು.

"ಬ್ಯಾರೆಯವ್ರು ಆದ್ರು," ಎಂದು ಕಾಕಾ ಶಲ್ಯ ಮಡಚಿಟ್ಟು ಮಗ್ಗಕ್ಕೆ ಹೋದರು. ಮತ್ತೆ ಅದೇ ಗಡಸು ದನಿ: "ಹಿಡಿ. ಬಲಕ್ಕ."

ಕುರ್ಚಿ ತಪ್ಪಿದ ಸಿಟ್ಟು ಪಾಪ ಚಿಗವ್ವನ ಮೇಲೆ, ಅಂದುಕೊಂಡೆ. ನಾವು ಶಿರಾವನ್ನು ತಟ್ಟೆಯಲ್ಲೇ ಬಿಟ್ಟೆವು. ಕಾಕಾ ಮಾತ್ರ ಎರಡು ಸಲ ಹಾಕಿಸಿಕೊಂಡರು!

ಸಂಜೆ ನೀಲವ್ವ ಹಾಲಿಗೆ ಹೆಪ್ಪು ಬೇಡಲು ಬಂದಳು. ಅವಳ ಗಂಡನೂ ಸೊಸೈಟಿಯ ಸಭೆಯಲ್ಲಿದ್ದವನು. ಬಟ್ಟಲು ಚಾಚುತ್ತ ಹೇಳಿದಳು:

"ನಿಮ್ಮ ಕಾಕಾ ಎಂಥವರವಾ. ಚೇರ್ಮನ್ರು ಕೈ ಹಿಡದು ಕುರ್ಚಿಮ್ಯಾಲೆ ಕುಂದ್ರಸಾಕ ಹೋದ್ರ ಒಲ್ಲೆ ಅಂದ್ರಂತ. ನಮ್ಮ ಮನ್ಯಾಕೀಗೆ ಈಗೀಗ ಎಳಿ ಕಾಣವಲ್ವು, ನಾ ಬಾಯಿಲೆ ಹೇಳಿದ್ರನ ಕೈಗೆ ಸಿಗತಾವು, ನಾ ಇಲ್ಲಿ ಕುಂತ್ರ ಅಲ್ಲಿ ಕೊಂಡಿಗೆ ಯಾರು, ಅಂದ್ರಂತ. ಹೆಪ್ಪು ಸ್ವಲ್ಪ ಹುಳೀದ ಕೊಡವಾ, ನಿನ್ನೀದು ಗಟ್ಟಿ ಆಗ್ಲಿಲ್ಲ."